ಎಡಗೈ ಕತ್ತಿಯ ತಕರಾರು: ಶಿವಮೊಗ್ಗದ ಒಂದು ಡಿ ಅಂಡ್ ಡಿ ಟೇಬಲ್ಲಿನ ಪ್ರಕರಣ

ಡಿ ಅಂಡ್ ಡಿ ಅಂದರೆ ಡಂಜನ್ಸ್ ಅಂಡ್ ಡ್ರಾಗನ್ಸ್: ಮೇಜಿನ ಸುತ್ತ ಕೂತು, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ದಾಳ ಎಸೆದು ಕಥೆ ಕಟ್ಟುವ ಆಟ. ಇದು ನಮ್ಮದೇ ಟೇಬಲ್ಲಿನ ಕಥೆ. ಶಿವಮೊಗ್ಗದಲ್ಲಿ ಒಂದು ಮನೆಯ ಮಹಡಿ, ಭಾನುವಾರ ಮಧ್ಯಾಹ್ನ, ನಾವು ಐದು ಜನ. ನಾನು ಡಿಎಂ, ಅಂದರೆ ಆಟ ನಡೆಸುವವನು. ಉಳಿದ ನಾಲ್ವರ ಹೆಸರು ಇಲ್ಲಿ ಬರೆಯುವುದಿಲ್ಲ, ಆಟದಲ್ಲಿ ಅವರು ಏನಾಗಿದ್ದರೋ ಅದರಿಂದಲೇ ಕರೆಯುತ್ತೇನೆ. ರೇಂಜರ್ (ಕಾಡಿನ ಬೇಟೆಗಾರ) ಆಡುತ್ತಿದ್ದ ಎಂಜಿನಿಯರಿಂಗ್ ಹುಡುಗ ನಮಗೆ 'ಶಿಕಾರಿ'. ಫೈಟರ್ (ಯೋಧ) ಆಡುತ್ತಿದ್ದವರು ನಮಗೆಲ್ಲರಿಗಿಂತ ದೊಡ್ಡವರು, ಹಾಗಾಗಿ 'ಅಕ್ಕ'. ಕ್ಲೆರಿಕ್ (ದೇವರ ಅರ್ಚಕ) ಆಡುತ್ತಿದ್ದವರು 'ಭಟ್ರು'. ಇನ್ನೊಬ್ಬನ ಪಾತ್ರ ರೋಗ್, ಅಂದರೆ ಕಳ್ಳಹೆಜ್ಜೆಯ ಚಾಲಾಕಿ. ಆ ಪದ ಕೇಳಿ ಮೊದಲ ದಿನವೇ ಭಟ್ರು "ಎಂತ ರೋಗ ಮಾರಾಯ, ಔಷಧಿ ತಗಂಡ್ಯಾ?" ಎಂದು ಕೇಳಿದ್ದರಿಂದ ಅವನು 'ಕಳ್ಳ' ಆಗಿಬಿಟ್ಟ.

ಎರಡು ಕೈಯಲ್ಲಿ ಎರಡು ಆಯುಧ ಹಿಡಿದು ಹೋರಾಡುವ ನಿಯಮದ ಬಗ್ಗೆ ಎಲ್ಲ ಟೇಬಲ್ಲಿನಲ್ಲೂ ಒಂದಲ್ಲ ಒಂದು ದಿನ ಜಗಳ ಬರುತ್ತದೆ. ನಮ್ಮಲ್ಲೂ ಬಂತು. ಅದರಲ್ಲಿ ನಾನು ಮಾಡಿದ ಒಂದು ತಪ್ಪು ತೀರ್ಮಾನ, ಆಮೇಲೆ ಅದನ್ನು ವಾಪಸ್ ತೆಗೆದುಕೊಂಡ ರೀತಿ, ಇವೆರಡನ್ನು ಬರೆದಿಡಬೇಕು ಅನ್ನಿಸಿತು.

ಹಿನ್ನೆಲೆ

ನಾವು ಆಡುತ್ತಿದ್ದದ್ದು ಡಂಜನ್ಸ್ ಅಂಡ್ ಡ್ರಾಗನ್ಸ್‌ನ ಐದನೇ ಆವೃತ್ತಿ, 2014ರ ನಿಯಮಗಳು. ಕಥೆ ಮಾತ್ರ ನಮ್ಮದೇ. ತೀರ್ಥಹಳ್ಳಿ ತಾಲ್ಲೂಕಿನ ಕವಲೇದುರ್ಗ ನೋಡಿದವರಿಗೆ ಗೊತ್ತು, ಒಂದರ ಹಿಂದೆ ಒಂದು ಬಾಗಿಲು ದಾಟುತ್ತಾ ಕಲ್ಲುದಾರಿಯಲ್ಲಿ ಮೇಲೆ ಹತ್ತಬೇಕು. ಅದೇ ತರದ ಒಂದು ಪಾಳುಕೋಟೆಯ ನಕ್ಷೆ ಬರೆದು, ಎರಡನೇ ಬಾಗಿಲಿನಿಂದ ಗಾಬ್ಲಿನ್ ಎಂಬ ಕುಳ್ಳ ರಾಕ್ಷಸರನ್ನು ತುಂಬಿದ್ದೆ.

ಮೂರನೇ ಲೆವೆಲ್‌ಗೆ ಬರುವಷ್ಟರಲ್ಲಿ ಶಿಕಾರಿ ಬಿಲ್ಲು ಬದಿಗಿಟ್ಟು ಎರಡು ಶಾರ್ಟ್‌ಸ್ವೋರ್ಡ್ ಹಿಡಿದಿದ್ದ. ಆಸೆ ಸಹಜವೇ. ಎರಡು ಕತ್ತಿಯ ರೇಂಜರ್ ಈ ಆಟದಲ್ಲಿ ಹಳೇ ಚಿತ್ರ. 1989ರ ಎರಡನೇ ಆವೃತ್ತಿಯಲ್ಲೇ ಹಗುರ ಕವಚ ತೊಟ್ಟ ರೇಂಜರ್ ಯಾವ ದಂಡವೂ ಇಲ್ಲದೆ ಎರಡು ಆಯುಧದಲ್ಲಿ ಹೋರಾಡಬಹುದಿತ್ತು. ತೊಂದರೆ ಏನೆಂದರೆ, ಎರಡನೇ ಲೆವೆಲ್‌ನಲ್ಲಿ ಹೋರಾಟದ ಶೈಲಿ ಆರಿಸುವಾಗ ಇವನು ಬಿಲ್ಲುಗಾರಿಕೆ ಆರಿಸಿದ್ದ. ಆಗ ಅವನಿಗೆ ಬಿಲ್ಲೇ ಸರಿ ಅನ್ನಿಸಿತ್ತು.

ನಿಯಮ ಗೊತ್ತಿಲ್ಲದವರಿಗೆ ಸಂಕ್ಷಿಪ್ತವಾಗಿ. ಒಂದು ಕೈಯ ಹಗುರ ಆಯುಧದಿಂದ ಹೊಡೆದರೆ, ಇನ್ನೊಂದು ಕೈಯ ಹಗುರ ಆಯುಧದಿಂದ ಇನ್ನೊಂದು ಏಟು ಹಾಕಬಹುದು. ಆದರೆ ಆ ಎರಡನೇ ಏಟಿಗೆ ನಿಮ್ಮ ಬೋನಸ್ ಆಕ್ಷನ್, ಅಂದರೆ ಸರದಿಯ ಮುಖ್ಯ ಕೆಲಸದ (ಆಕ್ಷನ್) ಜತೆಗೆ ಸಿಗುವ ಸಣ್ಣ ಹೆಚ್ಚುವರಿ ಕೆಲಸ, ಖರ್ಚಾಗುತ್ತದೆ. ಅದು ಸರದಿಗೆ ಒಂದೇ. ಜತೆಗೆ, ಎರಡನೇ ಏಟಿನ ಹಾನಿಗೆ ನಿಮ್ಮ ಶಕ್ತಿಯ ಅಥವಾ ಚುರುಕಿನ ಅಂಕ ಸೇರುವುದಿಲ್ಲ, ಬರೀ ದಾಳ. ಎರಡು ಆಯುಧದ ಶೈಲಿ ಆರಿಸಿಕೊಂಡವರಿಗೆ ಮಾತ್ರ ಆ ಅಂಕವೂ ಸೇರುತ್ತದೆ. 2003ರ 3.5 ಆವೃತ್ತಿಯಲ್ಲಿ ಇದರ ಬೆಲೆ ಬೇರೆ ತರ ಇತ್ತು. ಏನೂ ತರಬೇತಿ ಇಲ್ಲದೆ ಎರಡು ಆಯುಧ ಬೀಸಿದರೆ ಬಲಗೈಗೆ 6, ಎಡಗೈಗೆ 10 ಅಂಕ ಕಡಿತ. ಐದನೇ ಆವೃತ್ತಿಯಲ್ಲಿ ಏಟು ತಗಲುವುದಕ್ಕೆ ಕಡಿತ ಇಲ್ಲ. ಬೆಲೆ ಹೆಚ್ಚಾಗಿ ಬೋನಸ್ ಆಕ್ಷನ್ನಿನ ಲೆಕ್ಕಕ್ಕೆ ಬೀಳುತ್ತದೆ. ಇದನ್ನು ನಾನು ಓದಿದ್ದೆ, ಆದರೆ ತಲೆಗೆ ಹೋಗಿರಲಿಲ್ಲ.

ತಕರಾರು

"ಅಣ್ಣಾ, ನನ್ನ ಎಡಗೈ ಕತ್ತಿ ಸುಮ್ನೆ ತೋರಿಕೆಗೆ ಇದ್ದ ಹಾಗಿದೆ" ಅಂದ ಶಿಕಾರಿ ಒಂದು ಭಾನುವಾರ. ಬಲಗೈ ಹೊಡೆದರೆ 1ಡಿ6 (ಆರು ಮುಖದ ಒಂದು ದಾಳ) ಜತೆಗೆ 3. ಎಡಗೈ ಹೊಡೆದರೆ ಬರೀ 1ಡಿ6. ಪಕ್ಕದಲ್ಲಿ ಅಕ್ಕ ಎರಡೂ ಕೈಯಲ್ಲಿ ಗ್ರೇಟ್‌ಸ್ವೋರ್ಡ್ ಎತ್ತಿ 2ಡಿ6 ಜತೆಗೆ 3 ಹೊಡೆಯುತ್ತಾರೆ. ಅವರಿಗೆ 1 ಅಥವಾ 2 ಬಿದ್ದ ದಾಳವನ್ನು ಮತ್ತೊಮ್ಮೆ ಎಸೆಯುವ ಶೈಲಿಯೂ ಇದೆ. ಇವನಿಗೆ ತಾನು ಹಿಂದೆ ಬಿದ್ದ ಹಾಗೆ ಅನ್ನಿಸುತ್ತಿತ್ತು.

ನಾನು ಕೇಳಿದ್ದು ಒಂದೇ ಪ್ರಶ್ನೆ: ಆ ಎರಡನೇ ಏಟಿನ ಹಾನಿ ಕಡಿಮೆಯಾ? ಹೌದು, ಕಡಿಮೆ. ಅಲ್ಲಿಗೆ ನಿಲ್ಲಿಸಿದೆ. ನಾನು ಕೇಳಬೇಕಾಗಿದ್ದದ್ದು ಬೇರೆ: ಆ ಏಟು ನಿಜಕ್ಕೂ ಎಷ್ಟು ಸಲ ಬೀಳುತ್ತಿದೆ?

ಮೊದಲ ಮದ್ದು

ಮನೆನಿಯಮ, ಅಂದರೆ ನಮ್ಮ ಟೇಬಲ್ಲಿಗೆ ಮಾತ್ರದ ನಿಯಮ, ಮಾಡಿದೆ. "ಇನ್ಮೇಲೆ ಎಡಗೈ ಏಟಿಗೂ ಚುರುಕಿನ 3 ಸೇರಿಸ್ಕೋ. ಶೈಲಿ ಬೇಕಿಲ್ಲ." ಶಿಕಾರಿ ಖುಷಿಯಾದ. ಕಳ್ಳನಿಗೂ ಅದೇ ಅನ್ವಯ ಅಂದೆ, ಅವನ ಕೈಯಲ್ಲೂ ಎರಡು ಆಯುಧ ಇದ್ದವಲ್ಲ. ಮೂರು ಭಾನುವಾರ ಹೀಗೇ ಆಡಿದೆವು.

ಎರಡನೇ ಭಾನುವಾರ ಒಂದು ಓಗರ್, ಅಂದರೆ ದೈತ್ಯ, ಬಂತು. 59 ಎಚ್‌ಪಿ (ಪ್ರಾಣದ ಅಂಕ), ಎಸಿ (ಏಟು ತಗಲಲು ದಾಳದ ಮೊತ್ತ ಮುಟ್ಟಬೇಕಾದ ಅಂಕ) ಬರೀ 11. ಅದನ್ನು ಹೊಡೆಯುವುದು ಕಷ್ಟವಲ್ಲ, ಕೊಲ್ಲುವುದಕ್ಕೆ ಹೊತ್ತು ಬೇಕು. ಶಿಕಾರಿ ಮೊದಲ ಸರದಿಯಲ್ಲಿ ಹಂಟರ್ಸ್ ಮಾರ್ಕ್ ಹಾಕಿದ. ಇದು ರೇಂಜರ್‌ಗಳ ಮಂತ್ರ. ಗುರುತು ಹಾಕಿದ ಶತ್ರುವಿಗೆ ಪ್ರತಿ ಏಟಿಗೂ 1ಡಿ6 ಜಾಸ್ತಿ. ಎರಡನೇ ಸರದಿಯಿಂದ ಎರಡೂ ಕತ್ತಿ ಬೀಸಿದ. ಎರಡೂ ತಗಲಿದರೆ ಒಂದೊಂದಕ್ಕೂ ಸರಾಸರಿ 10, ಒಟ್ಟು 20. ಅಕ್ಕನ ಒಂದು ಏಟು, ದಾಳ ಮರುಎಸೆತ ಸೇರಿಸಿ, ಸರಾಸರಿ 11 ಚಿಲ್ಲರೆ.

ಅಕ್ಕ ಆವತ್ತು ಏನೂ ಹೇಳಲಿಲ್ಲ. ಮಂಡಕ್ಕಿ ಪೊಟ್ಟಣ ಸುತ್ತಿಟ್ಟು, ಆಟ ಮುಗಿದ ಮೇಲೆ ಮೆಟ್ಟಿಲ ಹತ್ತಿರ ನಿಂತು ಹೇಳಿದರು: "ನೋಡು, ನಾನು ಮೊದಲನೇ ಲೆವೆಲ್‌ನಲ್ಲೇ ಶೈಲಿ ಆರಿಸಿ ಅದಕ್ಕೆ ತಕ್ಕ ಹಾಗೆ ಆಡ್ತಾ ಬಂದೆ. ಅವನು ಬಿಲ್ಲಿನ ಶೈಲಿ ತಗೊಂಡ, ಕತ್ತಿಯ ಶೈಲಿನ ನೀನು ಪುಕ್ಕಟೆ ಕೊಟ್ಟೆ. ಹಾಗಾದ್ರೆ ನಾನು ಆರಿಸಿದ್ದಕ್ಕೆ ಏನು ಬೆಲೆ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಆದರೆ ಇನ್ನೂ ವಿಚಿತ್ರ ಎಂದರೆ, ಮುಂದಿನ ವಾರ ಶಿಕಾರಿಯೂ ಮತ್ತೆ ಅದೇ ರಾಗ ತೆಗೆದ. ಓಗರ್ ದಿನ ಚೆನ್ನಾಗಿತ್ತು, ಗಾಬ್ಲಿನ್‌ಗಳ ಜತೆ ಮಾತ್ರ ಎಡಗೈ ಕತ್ತಿ ಇನ್ನೂ ಕೆಲಸಕ್ಕೆ ಬರ್ತಿಲ್ಲ ಅಂದ. ಕೊಟ್ಟವನಿಗೂ ಸಮಾಧಾನ ಇಲ್ಲ, ತೆಗೆದುಕೊಂಡವನಿಗೂ ಇಲ್ಲ.

ನೋಟ್‌ಬುಕ್ಕಿನ ಪುಟ

ಆಗ ಮಾಡಿದ ಕೆಲಸ ಒಂದೇ ಒಂದು, ಅದೂ ಬಹಳ ಸಣ್ಣದು. ಗಾಬ್ಲಿನ್ ಕಾಳಗ ನಡೆಯುವಾಗ ನನ್ನ ನೋಟ್‌ಬುಕ್ಕಿನ ಅಂಚಿನಲ್ಲಿ ಶಿಕಾರಿಯ ಬೋನಸ್ ಆಕ್ಷನ್ ಪ್ರತಿ ಸರದಿಯಲ್ಲಿ ಎಲ್ಲಿಗೆ ಹೋಯಿತು ಎಂದು ಒಂದೊಂದು ಅಕ್ಷರ ಬರೆದೆ. ಗುರುತಿನ ಮಂತ್ರಕ್ಕೆ 'ಗು', ಎಡಗೈ ಕತ್ತಿಗೆ 'ಎ'.

ಆರು ಗಾಬ್ಲಿನ್, ಐದು ಸರದಿ. ಪುಟದಲ್ಲಿ ಬಂದದ್ದು: ಗು, ಗು, ಎ, ಗು, ಗು.

ಮಳೆ ಜೋರಾಗಿ ಕರೆಂಟ್ ಹೋಗಿತ್ತು. ಮೊಬೈಲ್ ಬೆಳಕಿನಲ್ಲಿ ಆ ಸಾಲನ್ನೇ ನೋಡುತ್ತಾ ಕೂತೆ. ಐದರಲ್ಲಿ ನಾಲ್ಕು ಸಲ ಎಡಗೈ ಎದ್ದೇ ಇಲ್ಲ! ಮಂತ್ರ ಹಾಕುವುದಕ್ಕೂ ಬೋನಸ್ ಆಕ್ಷನ್, ಗುರುತು ಹಾಕಿದವನು ಸತ್ತ ಮೇಲೆ ಇನ್ನೊಬ್ಬನ ಮೇಲೆ ವರ್ಗಾಯಿಸುವುದಕ್ಕೂ ಬೋನಸ್ ಆಕ್ಷನ್. ಗಾಬ್ಲಿನ್‌ಗೆ ಇರುವುದು 7 ಎಚ್‌ಪಿ. ಗುರುತು ಹಾಕಿ ಹೊಡೆದರೆ ಹೆಚ್ಚಿನ ಸಲ ಒಂದೇ ಏಟಿಗೆ ಬಿದ್ದುಹೋಗುತ್ತದೆ. ಮತ್ತೆ ಗುರುತು ವರ್ಗಾವಣೆ. ಬಲಗೈ ಕೊಲ್ಲುವ ಪ್ರತಿ ಗಾಬ್ಲಿನ್ನೂ ಎಡಗೈಯ ಒಂದು ಏಟನ್ನು ತಿಂದುಕೊಂಡು ಹೋಗುತ್ತಿತ್ತು.

ಅಲ್ಲೇ ಲೆಕ್ಕ ಹಾಕಿದೆ. ಮನೆನಿಯಮ ಇಲ್ಲದ ಮೂಲ ನಿಯಮದಲ್ಲಿ, ಗುರುತು ಹಾಕಿ ಒಂದು ಏಟು ತಗಲಿದರೆ ಸರಾಸರಿ 6.5 ಜತೆಗೆ 3.5, ಒಟ್ಟು 10. ಗುರುತು ಬಿಟ್ಟು ಎರಡೂ ಕತ್ತಿ ಬೀಸಿ ಎರಡೂ ತಗಲಿದರೆ 6.5 ಜತೆಗೆ 3.5, ಅದೂ 10. ಎರಡೂ ಒಂದೇ! ಮಂತ್ರದ 1ಡಿ6 ಮತ್ತು ಎಡಗೈ ಕತ್ತಿಯ 1ಡಿ6 ಒಂದೇ ಖುರ್ಚಿಗೆ ಜಗಳ ಆಡುತ್ತಿದ್ದವು. ಗುರುತು ಲಾಭ ಕೊಡುವುದು ಶತ್ರು ಮುಂದಿನ ಸರದಿಗೂ ಬದುಕಿದ್ದರೆ ಮಾತ್ರ. 7 ಎಚ್‌ಪಿಯವನ ಮೇಲೆ ಹಾಕಿದರೆ ಮಂತ್ರದ ಸ್ಲಾಟ್ (ಒಂದು ಸಲ ಮಂತ್ರ ಹಾಕುವ ಅವಕಾಶ) ಖರ್ಚು, 10ರಲ್ಲಿ 3 ಹಾನಿಯೂ ವ್ಯರ್ಥ. ಮೂರನೇ ಲೆವೆಲ್ ರೇಂಜರ್‌ಗೆ ಇರುವುದೇ ಮೂರು ಸ್ಲಾಟ್.

ನನ್ನ ಮನೆನಿಯಮ ಏನು ಮಾಡಿತ್ತು ಅನ್ನುವುದು ಆಗ ಕಣ್ಣಿಗೆ ಬಿತ್ತು. ಓಗರ್ ತರದವರ ಎದುರು ಶಿಕಾರಿ ಮೊದಲೇ ಮುಂದಿದ್ದ: 17. ಅದನ್ನು 20 ಮಾಡಿದ್ದೆ. ಗಾಬ್ಲಿನ್ ಗುಂಪಿನ ಎದುರು ಎಡಗೈ ಏಳುತ್ತಲೇ ಇರಲಿಲ್ಲ, ಅಲ್ಲಿ 3 ಕೊಟ್ಟರೇನು 30 ಕೊಟ್ಟರೇನು? ಮಳೆ ಬರುವಾಗ ತೋಟಕ್ಕೆ ನೀರು ಬಿಟ್ಟ ಹಾಗೆ ಆಗಿತ್ತು ನನ್ನ ಉಪಕಾರ.

ಕಳ್ಳನ ಕೈಚಳಕ

ಈ ನಡುವೆ ಅದೇ ಟೇಬಲ್ಲಿನಲ್ಲಿ ಎರಡು ಆಯುಧ ಹಿಡಿದ ಇನ್ನೊಬ್ಬ ಒಂದು ದಿನವೂ ದೂರು ಹೇಳಿರಲಿಲ್ಲ. ಅವನನ್ನು ನಾನು ಗಮನಿಸಿರಲೇ ಇಲ್ಲ. ದೂರು ಹೇಳದವರನ್ನು ನೋಡುವ ಅಭ್ಯಾಸ ನಮ್ಮಲ್ಲಿ ಕಡಿಮೆ ಅಲ್ವಾ.

ಮುಂದಿನ ಭಾನುವಾರ ಕಳ್ಳನ ಸರದಿಯನ್ನೇ ನೋಡಿದೆ. ಎದುರಿಗೆ ಗಾಬ್ಲಿನ್, ಎಸಿ 15. ಅವನಿಗೆ 5ರ ಬೋನಸ್, ಅಂದರೆ ಇಪ್ಪತ್ತು ಮುಖದ ದಾಳದಲ್ಲಿ 10 ಅಥವಾ ಮೇಲೆ ಬೀಳಬೇಕು, ನೂರಕ್ಕೆ 55ರ ಅವಕಾಶ. ಬಲಗೈ ಕತ್ತಿ ಬೀಸಿದ. ತಗಲಿತು. ಸ್ನೀಕ್ ಅಟ್ಯಾಕ್, ಅಂದರೆ ರೋಗ್‌ನ ಹೊಂಚು ಏಟಿನ ಹೆಚ್ಚುವರಿ 2ಡಿ6 ಎಸೆದ. ಗಾಬ್ಲಿನ್ ಬಿತ್ತು. ಬೋನಸ್ ಆಕ್ಷನ್ ಇನ್ನೂ ಕೈಯಲ್ಲೇ ಇದೆ. ಅದರಲ್ಲಿ ಇನ್ನೊಬ್ಬನಿಂದ ಉಪಾಯವಾಗಿ ಜಾರಿಕೊಂಡು ಅಕ್ಕನ ಬೆನ್ನ ಹಿಂದೆ ಹೋಗಿ ನಿಂತ.

ಮುಂದಿನ ಸರದಿ. ಬಲಗೈ ಬೀಸಿದ, 7 ಬಿತ್ತು, ತಪ್ಪಿತು. ಈಗ ಜಾರಿಕೊಳ್ಳಲಿಲ್ಲ. ಎಡಗೈ ಕತ್ತಿ ಬೀಸಿದ. 16. ಸ್ನೀಕ್ ಅಟ್ಯಾಕ್ ಎಡಗೈಯ ಮೇಲೆ ಬಂತು.

ರೋಗ್‌ಗೆ ಸ್ನೀಕ್ ಅಟ್ಯಾಕ್ ಸರದಿಗೆ ಒಂದೇ ಸಲ. ಎರಡನೇ ಕತ್ತಿ ಅವನಿಗೆ ಹಾನಿ ಹೆಚ್ಚಿಸುವ ಸಾಧನ ಅಲ್ಲ, ಮೊದಲನೆಯದು ತಪ್ಪಿದಾಗಿನ ವಿಮೆ. 55ರ ಅವಕಾಶ ಎರಡು ಸಲ ಸಿಕ್ಕರೆ ಹೆಚ್ಚುಕಡಿಮೆ 80 ಆಗುತ್ತದೆ. ಎಡಗೈಗೆ 3 ಸೇರುತ್ತೋ ಇಲ್ಲವೋ ಅನ್ನುವುದು ಅವನಿಗೆ ಲೆಕ್ಕಕ್ಕೇ ಇಲ್ಲದ ವಿಷಯ. ಮುಖ್ಯ ಏನೆಂದರೆ, ಅವನು ಮೊದಲ ದಾಳ ನೋಡಿದ ಮೇಲೆ ಬೋನಸ್ ಆಕ್ಷನ್ ಎಲ್ಲಿಗೆ ಅಂತ ತೀರ್ಮಾನ ಮಾಡುತ್ತಿದ್ದ. ಶಿಕಾರಿ ಸರದಿ ಶುರುವಾಗುವ ಮೊದಲೇ "ಮಾರ್ಕ್" ಎಂದು ಕೂಗುತ್ತಿದ್ದ.

ತೀರ್ಥಹಳ್ಳಿ ಬಸ್ಸು

ಕೊಟ್ಟದ್ದನ್ನು ವಾಪಸ್ ಕೇಳುವುದು ಈ ಪ್ರಕರಣದ ಅತಿ ಕಷ್ಟದ ಭಾಗ. ಎರಡು ದಾರಿ ಇತ್ತು. ಎಲ್ಲರ ಎದುರು ನಿಯಮ ಬದಲಾಯಿತು ಎಂದು ಘೋಷಿಸುವುದು ಒಂದು. ಅವನ ಜತೆ ಮೊದಲು ಮಾತಾಡುವುದು ಇನ್ನೊಂದು. ಮೊದಲನೆಯದು ಸುಲಭ. ಆದರೆ ಅಕ್ಕ ದೂರು ಹೇಳಿದ್ದಕ್ಕೇ ಹೀಗಾಯಿತು ಎಂದು ಅವನಿಗೆ ಅನ್ನಿಸಿದರೆ ಆಟವೇ ಕೆಡುತ್ತದೆ.

ಅವನು ವಾರದ ಕೊನೆಗೆ ಊರಿಗೆ ಹೋಗುವವನು. ಬಸ್ ಸ್ಟ್ಯಾಂಡಿನವರೆಗೆ ಜತೆಗೆ ಹೋದೆ. ಬಸ್ಸು ತಡ, ಮಳೆ ಬೇರೆ. ಕಷಾಯ ಕುಡಿಯುತ್ತಾ ನೋಟ್‌ಬುಕ್ ತೆಗೆದು ಆ ಸಾಲು ತೋರಿಸಿದೆ. ಗು, ಗು, ಎ, ಗು, ಗು.

ಸ್ವಲ್ಪ ಹೊತ್ತು ನೋಡಿದ. "ಹಾಗಾದ್ರೆ ನಾನು ಎರಡು ಕತ್ತಿ ಹಿಡಿಯೋದೇ ತಪ್ಪಾ ಅಣ್ಣಾ?"

"ತಪ್ಪಲ್ಲ. ನಿನ್ನ ಎಡಗೈ ಕತ್ತಿ ವೀಕ್ ಅಲ್ಲ, ಅದಕ್ಕೆ ನೀನು ಸರದಿ ಕೊಡ್ತಿಲ್ಲ."

"ಮನೇಲಿ ಅಡಿಕೆ ಸುಲಿಯುವಾಗ ನಮ್ಮತ್ತೆ ಹೀಗೇ ಬೈತಾರೆ," ಎಂದು ನಕ್ಕ. "ಮೆಟ್ಟುಗತ್ತಿ ಮುಂದೆ ಕೂತು ಒಂದು ಕೈ ಆಡಿಸ್ತಾ ಇನ್ನೊಂದು ಕೈಲಿ ಮೊಬೈಲ್ ಹಿಡ್ಕೊಂಡ್ರೆ ಅಡಿಕೆ ಸುಲಿಯೋಕೆ ಆಗಲ್ಲ ಅಂತ." ಅವನು ಅಷ್ಟು ಹಗುರವಾಗಿ ತೆಗೆದುಕೊಂಡದ್ದು ನನ್ನ ಪುಣ್ಯ. ಪುಟ ತೋರಿಸದೆ ಬರೀ ಮಾತಲ್ಲಿ ಹೇಳಿದ್ದರೆ ಇದು ನನ್ನ ಅಭಿಪ್ರಾಯ, ಅವನ ಅಭಿಪ್ರಾಯ ಅಂತ ವಾದ ಆಗುತ್ತಿತ್ತು. ಅವನದೇ ಸರದಿಗಳ ಲೆಕ್ಕ ಎದುರಿಗಿದ್ದಾಗ ವಾದಕ್ಕೆ ಜಾಗ ಇರಲಿಲ್ಲ.

ಎರಡನೇ ಮದ್ದು

ಮನೆನಿಯಮ ರದ್ದಾಯಿತು. ಅದರ ಬದಲು 2024ರ ಪರಿಷ್ಕೃತ ಪ್ಲೇಯರ್ಸ್ ಹ್ಯಾಂಡ್‌ಬುಕ್‌ನಿಂದ ಒಂದು ತುಂಡು ಎರವಲು ತಂದೆವು. ಅದರಲ್ಲಿ ಆಯುಧಗಳಿಗೆ ಒಂದೊಂದು ಪಳಗಿಕೆಯ ಗುಣ ಇದೆ. ಬಾಕು, ಸಿಮಿಟರ್ ಎಂಬ ಬಾಗಿದ ಕತ್ತಿ, ಕುಡುಗೋಲು, ಸಣ್ಣ ಸುತ್ತಿಗೆ ಇವುಗಳ ಗುಣದ ಹೆಸರು 'ನಿಕ್'. ಇದಿದ್ದರೆ ಎರಡನೇ ಏಟು ಮೊದಲ ಏಟಿನ ಆಕ್ಷನ್ನಿನಲ್ಲೇ ಸೇರಿಹೋಗುತ್ತದೆ, ಸರದಿಗೆ ಒಂದು ಸಲ. ಬೋನಸ್ ಆಕ್ಷನ್ ಬಿಡುವಾಗಿರುತ್ತದೆ. ನಮ್ಮ ತಕರಾರಿನ ಬೇರು ಎಲ್ಲಿತ್ತೋ ಅಲ್ಲಿಗೇ ಇದರ ಕೈ ಹೋಗುತ್ತಿತ್ತು.

ಪುಕ್ಕಟೆ ಮಾತ್ರ ಅಲ್ಲ. ಶಿಕಾರಿ ಎಡಗೈಯ ಶಾರ್ಟ್‌ಸ್ವೋರ್ಡ್ ಬಿಟ್ಟು ಬಾಕು ಹಿಡಿಯಬೇಕಾಯಿತು, ಡಿ6 ಹೋಗಿ ಡಿ4. ಚುರುಕಿನ 3 ಸೇರುವುದಿಲ್ಲ. ಅವನು ಸಿಮಿಟರ್ ಕೇಳಿದ, ಅದು ಡಿ6. ಕೋಟೆಯಲ್ಲಿ ಎಲ್ಲಾದರೂ ಸಿಕ್ಕರೆ ತಗೋ ಅಂದೆ.

ಅಕ್ಕನಿಗೂ ಅದೇ ಪುಸ್ತಕದ ಪ್ರಕಾರ ಗ್ರೇಟ್‌ಸ್ವೋರ್ಡಿನ ಗುಣ ಸಿಕ್ಕಿತು: ಏಟು ತಪ್ಪಿದರೂ ಶಕ್ತಿಯ 3ರಷ್ಟು ಹಾನಿ ಆಗುತ್ತದೆ. "ತಪ್ಪಿದ್ರೂ ಗೀರು ಬೀಳುತ್ತೆ ಅಂತಾಯ್ತು" ಅಂದರು. ಅವರ ಮುಖ ಸಡಿಲವಾದದ್ದು ಆವತ್ತೇ. ಅವರಿಗೆ ಬೇಕಿದ್ದದ್ದು 3 ಅಂಕ ಅಲ್ಲ, ಒಬ್ಬನಿಗೇ ವಿನಾಯಿತಿ ಇಲ್ಲ ಅನ್ನುವುದು.

ಭಟ್ರಿಗೆ ಏನೂ ಸಿಗಲಿಲ್ಲ. ಕ್ಲೆರಿಕ್‌ಗೆ ಈ ಪಳಗಿಕೆ ಇಲ್ಲ. "ನನ್ನ ಎಡಗೈಲಿ ಗುರಾಣಿ ಉಂಟು, ಎಸಿ 2 ಜಾಸ್ತಿ. ನಿಮ್ಮ ಗಲಾಟೆಗೆ ನಾನಿಲ್ಲ" ಎಂದು ಚಕ್ಕುಲಿ ಮುರಿದರು. ಅವರು ತಮಾಷೆಗೆ ಹೇಳಿದ್ದು, ಆದರೆ ಮಾತು ಸರಿ ಇತ್ತು. ಎರಡನೇ ಆಯುಧ ಹಿಡಿದವನು ಬಿಟ್ಟುಕೊಟ್ಟದ್ದು ಆ 2. ಕೋಟೆಯ ಇಕ್ಕಟ್ಟು ಬಾಗಿಲಲ್ಲಿ ಒಬ್ಬನೇ ನಿಲ್ಲಬೇಕಾದಾಗ ಯಾವಾಗಲೂ ಮುಂದೆ ಹೋದವರು ಭಟ್ರೇ.

ಏನಾಯಿತು

ಗುರುತು ಹಾಕುವ ಸರದಿಯಲ್ಲೂ ಈಗ ಶಿಕಾರಿಯ ಎರಡೂ ಕೈ ಏಳುತ್ತವೆ. ಎರಡೂ ತಗಲಿದರೆ ಬಲಗೈಗೆ 10, ಎಡಗೈಗೆ 6, ಒಟ್ಟು 16. ಮನೆನಿಯಮದ 20ಕ್ಕಿಂತ ಕಡಿಮೆ, ಆದರೂ ಅವನಿಗೆ ಜಾಸ್ತಿ ಖುಷಿ. ಪ್ರತಿ ಸರದಿಯಲ್ಲೂ ಎರಡು ದಾಳ ಎಸೆಯುತ್ತಾನಲ್ಲ! ಹೊತ್ತು ಜಾಸ್ತಿ ಹಿಡಿಯಬಾರದು ಎಂದು ಕೆಂಪು ದಾಳ ಬಲಗೈ, ಹಸಿರು ದಾಳ ಎಡಗೈ ಎಂದು ಮಾಡಿ ಎರಡನ್ನೂ ಒಟ್ಟಿಗೇ ಎಸೆಯುತ್ತಾನೆ.

ಒಂದು ಚಿಲ್ಲರೆ ಜಗಳ ಉಳಿದಿದೆ. 2014ರ ನಿಯಮದಲ್ಲಿ ಸರದಿಗೆ ಒಂದೇ ಆಯುಧ ಪುಕ್ಕಟೆ ಹೊರಗೆಳೆಯಬಹುದು. ಬಿಲ್ಲು ಕೆಳಗೆ ಬಿಡುವುದಕ್ಕೆ ಏನೂ ಖರ್ಚಿಲ್ಲ, ಆದರೆ ಆ ಸರದಿಯಲ್ಲಿ ಒಂದೇ ಕತ್ತಿ ಕೈಗೆ ಬರುತ್ತದೆ. ಇದನ್ನು ನಾನು ಸಡಿಲಿಸಿಲ್ಲ. ಬಿಲ್ಲನ್ನು ಮಳೆಯಲ್ಲಿ ಬಿಸಾಕಿ ಓಡಿದವನಿಗೆ ಅಷ್ಟು ತೊಂದರೆ ಇರಲಿ ಅಂತ.

ಐದನೇ ಲೆವೆಲ್ ಬಂದಾಗ ಲೆಕ್ಕ ಮತ್ತೆ ಹೊರಳಿತು. ಅಕ್ಕನಿಗೂ ಶಿಕಾರಿಗೂ ಒಂದೊಂದು ಹೆಚ್ಚುವರಿ ಏಟು ಬಂತು, ಆದರೆ ಎಡಗೈಗೆ ಮಾತ್ರ ಆಗಲೂ ಒಂದೇ. ಇಬ್ಬರ ಶಕ್ತಿ-ಚುರುಕಿನ ಅಂಕವೂ 4 ಆಗಿತ್ತು. ಎಲ್ಲ ತಗಲಿದರೆ ಅಕ್ಕನಿಗೆ 24 ಚಿಲ್ಲರೆ, ಗುರುತು ಇಲ್ಲದ ಶಿಕಾರಿಗೆ 17 ಚಿಲ್ಲರೆ, ಗುರುತಿದ್ದರೆ 28. ಹನ್ನೊಂದನೇ ಲೆವೆಲ್‌ನಲ್ಲಿ ಫೈಟರ್‌ಗೆ ಮೂರನೇ ಏಟು ಬಂದರೆ ಅಕ್ಕ ಇನ್ನೂ ಮುಂದೆ ಹೋಗುತ್ತಾರೆ. ಆಗ ಮತ್ತೆ ನೋಟ್‌ಬುಕ್ ತೆಗೆಯಬೇಕಾಗಬಹುದು.

ನಾನು ಎಣಿಸದೇ ಇದ್ದ ತೊಂದರೆ ಬಂದದ್ದು ಕಳ್ಳನ ಕಡೆಯಿಂದ. ನಿಕ್ ಅವನಿಗೂ ಸಿಗುತ್ತದೆ. ಬಾಕು ಹಿಡಿದರೆ ಎಡಗೈ ಏಟೂ ಸಿಕ್ಕಿತು, ಜಾರಿಕೊಳ್ಳುವುದೂ ಸಿಕ್ಕಿತು. ಎರಡರಲ್ಲಿ ಒಂದನ್ನು ಆರಿಸುವ ಪ್ರಶ್ನೆಯೇ ಇಲ್ಲ. ಶಿಕಾರಿಯ ಗಂಟು ಬಿಚ್ಚಲು ಹೋಗಿ ಕಳ್ಳನ ಆಟದ ರುಚಿಯನ್ನೇ ತೆಗೆದುಬಿಟ್ಟೆನಾ ಎಂದು ಚಿಂತೆಯಾಯಿತು.

ಹಾಳೆ ತಿದ್ದುವಾಗ ಕೇಳಿದೆ: "ನಿನಗೆ ಎಡಗೈಗೆ ಬಾಕು ಬರೀಲಾ?"

ಅವನು ತನ್ನ ಎರಡು ಶಾರ್ಟ್‌ಸ್ವೋರ್ಡಿನ ಸಾಲಿನ ಮೇಲೆ ಬೆರಳಿಟ್ಟ. "ಬೇಡ ಮಾರಾಯ, ಇದೇ ಇರ್ಲಿ. ಮೊದಲನೇ ದಾಳ ತಪ್ಪಿದಾಗ ನಿಲ್ಲೋದಾ ಓಡೋದಾ ಅಂತ ಯೋಚ್ನೆ ಮಾಡ್ತೀನಲ್ಲ, ಅದಕ್ಕೇ ನಾನು ಭಾನುವಾರ ಬರೋದು."